ಒಂದೇ ಬೆಡಗಿನ ರೋಗಗಳು

ಓಬಯ್ಯನ ಬಗ್ಗೆ ಬರೆಯೋಣವೆಂದು ಕೂತಾಗಲೆಲ್ಲ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ಇಷ್ಟು ವರ್ಷ ಮುಂದೂಡುತ್ತ ಬಂದದ್ದಕ್ಕೆ ಅದೇ ಕಾರಣ, ಬೇರೆ ಏನಿಲ್ಲ. ಅವನು ಊರು ನೆನೆಸಿಕೊಳ್ಳುವಂಥ ದೊಡ್ಡ ಮನುಷ್ಯನಲ್ಲ. ಹಿರಿಯೂರು ತಾಲೂಕಿನಲ್ಲಿ, ಐಮಂಗಲದಿಂದ ಎರಡು ಹರದಾರಿ ಒಳಗಿದ್ದ ಒಂದು ಸಣ್ಣ ಪಶು ಆಸ್ಪತ್ರೆಯಲ್ಲಿ ದನಗಳಿಗೆ ಲಸಿಕೆ ಹಾಕುತ್ತಿದ್ದ ಆಳು. ನಾನು, ಪಂಚಾಕ್ಷರಪ್ಪ, ೧೯೭೪ರಲ್ಲಿ ಅದೇ ಆಸ್ಪತ್ರೆಗೆ ಡಾಕ್ಟರಾಗಿ ಬಂದೆ. ಹೆಬ್ಬಾಳದ ಕಾಲೇಜಿನಿಂದ ಆಗಷ್ಟೇ ಹೊರಬಿದ್ದಿದ್ದೆ. ತಲೆ ತುಂಬ ಓದು, ಕೈಯಲ್ಲಿ ಕಸುಬಿಲ್ಲ. ಒದೆಯುವ ಹೋರಿಯ ಹತ್ತಿರ ಯಾವ ಮಗ್ಗುಲಿಂದ ಹೋಗಬೇಕು ಅನ್ನುವುದನ್ನೂ ನನಗೆ ಕಲಿಸಿದವನು ಓಬಯ್ಯ.

ಆಗ ಅವನಿಗೆ ನಲವತ್ತರ ಆಸುಪಾಸು. ಅವನ ಅಪ್ಪ ಕಿಲಾರಿ, ಅಂದರೆ ಹಟ್ಟಿಯವರು ದೇವರ ಹೆಸರಿನಲ್ಲಿ ಬಿಟ್ಟ ದನಗಳನ್ನು ಕಾಯುವವನು. ಆ ದನಗಳನ್ನು ಹೂಡುವಂತಿಲ್ಲ, ಮಾರುವಂತಿಲ್ಲ. ಸತ್ತರೆ ಮನುಷ್ಯರನ್ನು ಮಾಡಿದ ಹಾಗೆ ಮಣ್ಣು ಮಾಡಬೇಕು. ಓಬಯ್ಯ ಎಂಟು ವರ್ಷದವನಿದ್ದಾಗ ಮಂದೆಗೆ ದೊಡ್ಡರೋಗ ಬಿತ್ತು. ಕಣ್ಣಿಂದ ನೀರು, ಬಾಯಲ್ಲಿ ಹುಣ್ಣು, ಆಮೇಲೆ ಭೇದಿ, ಏಳೆಂಟು ದಿನಕ್ಕೆ ಸಾವು. ನೂರು ಚಿಲ್ಲರೆ ದನಗಳಲ್ಲಿ ನಾಲ್ಕು ಉಳಿದವು. ಒಂದೊಂದಕ್ಕೂ ಗುಂಡಿ ತೋಡಬೇಕು, ಕಲ್ಲು ನೆಲ. ಅಪ್ಪನ ಅಂಗೈ ಕಿತ್ತುಹೋಗಿ ಗುದ್ದಲಿಯ ಕಾವು ಕೆಂಪಾಗಿತ್ತಂತೆ. ಮುಂದೆ ಸರ್ಕಾರದವರು ದೊಡ್ಡರೋಗಕ್ಕೆ ಸೂಜಿ ಹಾಕಲು ಆಳು ಬೇಕು ಅಂದಾಗ ಹಟ್ಟಿಯಿಂದ ಮೊದಲು ಹೋಗಿ ನಿಂತವನು ಇವನೇ.

ಸೂಜಿ ಹಾಕುವುದು ಸುಲಭದ ಕೆಲಸವಲ್ಲ. ಹಿರಿಯೂರಿನಿಂದ ಮಂಜುಗಡ್ಡೆ ತಂದು ಥರ್ಮಾಸಿನಲ್ಲಿ ತುಂಬಿ, ಅದರೊಳಗೆ ಲಸಿಕೆಯ ಸೀಸೆ ಇಟ್ಟು, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಊರೂರು ತಿರುಗಬೇಕು. ಹೊತ್ತು ಮೀರಿದರೆ ಲಸಿಕೆ ಕೆಟ್ಟಿತು. ಊರಿನವರೋ, ಹಾಲು ಬತ್ತುತ್ತದೆ, ಗಬ್ಬದ ದನ ಕಂದು ಹಾಕುತ್ತದೆ ಎಂದು ದನಗಳನ್ನು ಅಡವಿಗೆ ಹೊಡೆದು ಬಾಗಿಲು ಹಾಕಿಕೊಳ್ಳುವವರು. ಅಂಥ ಕಡೆ ನಾನು ಇಂಗ್ಲಿಷ್ ಬೆರೆಸಿ ಭಾಷಣ ಬಿಗಿಯುತ್ತಿದ್ದೆ. ಓಬಯ್ಯ ಸುಮ್ಮನೆ ಜಗಲಿಯ ಮೇಲೆ ಕೂತು, ಎಲೆಯಡಿಕೆ ಚೀಲ ಬಿಚ್ಚಿ, "ನಿಮ್ದು ಯಾವ ಬೆಡಗು?" ಎಂದು ಕೇಳುತ್ತಿದ್ದ.

ಬೆಡಗು ಅಂದರೆ ಕುಲದೊಳಗಿನ ಕವಲು. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಅವರವರೊಳಗೆ ಹೆಣ್ಣು ತರುವಂತಿಲ್ಲ. ಬೇರೆ ಬೆಡಗಾದರೆ ನೆಂಟರು. ಅಂತೂ ಯಾವ ಊರಲ್ಲೇ ಆಗಲಿ ಅರ್ಧ ಗಳಿಗೆಯಲ್ಲಿ ಅವನು ಯಾರಿಗೋ ಅಣ್ಣ ಇಲ್ಲವೇ ಮಾವ ಆಗಿಬಿಡುತ್ತಿದ್ದ. ದನ ತಾವಾಗಿ ಅಡವಿಯಿಂದ ವಾಪಸು ಬರುತ್ತಿದ್ದವು. ನನ್ನ ಭಾಷಣಕ್ಕೆ ಒಂದು ಎಮ್ಮೆಯೂ ಬಂದದ್ದಿಲ್ಲ.

ಅವನ ಹಟ್ಟಿಯಲ್ಲಿ ಒಂದು ಹಳೆಯ ಕಟ್ಟಳೆ ಇತ್ತು. ಒಂದು ಬೆಡಗಿನ ಒಬ್ಬ ತಪ್ಪು ಮಾಡಿದರೆ ಹಿರಿಯರು ಗುಡಿಯ ಮುಂದೆ ಅಡ್ಡಗೆರೆ ಎಳೆಯುತ್ತಿದ್ದರು. ಗೆರೆ ಎಳೆದದ್ದು ಅವನೊಬ್ಬನಿಗೇ ಆದರೂ, ಅವನ ಬೆಡಗಿನವರು ಯಾರೂ, ತೊಟ್ಟಿಲ ಕೂಸೂ ಸಹ, ಅದನ್ನು ದಾಟುವಂತಿರಲಿಲ್ಲ. ಓಬಯ್ಯನ ಅಜ್ಜನ ಕಾಲದಲ್ಲಿ ಹೀಗೆ ಒಂದು ವರ್ಷ ನಲವತ್ತು ಜನ ಗೆರೆಯಾಚೆಯ ಬಾವಿಯ ಹತ್ತಿರ ಸುಳಿಯದೆ ಮೈಲಿಗಟ್ಟಲೆ ದೂರದ ಹಳ್ಳದಿಂದ ನೀರು ಹೊತ್ತರಂತೆ. "ಒಬ್ಬಂಗೆ ಹಾಕಿದ ಗೆರೆ ಎಲ್ಲಾರಿಗೂ ಹಾಕಿದಂಗೇ ಡಾಕ್ಟ್ರೆ, ರಕ್ತ ಒಂದೇ ಅಲ್ಲೇನ್ರಿ?" ಅನ್ನುತ್ತಿದ್ದ. ನಾನು ನಗುತ್ತಿದ್ದೆ. ನಗುವುದಕ್ಕೆ ಓದು ಬೇಕಾಗಿರಲಿಲ್ಲ.

ಅವನ ಹೆಂಡತಿ ಹುಲಿಗೆಮ್ಮ ತಾಳ್ಯದ ಕಡೆಯವಳು. ಅವರಿಗೆ ಇಬ್ಬರು ಗಂಡುಮಕ್ಕಳಿದ್ದರು. ೧೯೬೯ರಲ್ಲಿ ಹಟ್ಟಿಗೆ ದಡಾರ ಬಂದು, ಒಂದೇ ವಾರದಲ್ಲಿ ಇಬ್ಬರೂ ಹೋದರು. ಆಮೇಲೆ ಮೂರು ವರ್ಷಕ್ಕೆ ಹುಟ್ಟಿದವಳು ಪುಟ್ಟಕ್ಕ. ಈ ಕೂಸಿನ ಮೇಲೆ ಅವನಿಗಿದ್ದ ಜೀವವನ್ನು ಹೇಗೆ ಹೇಳಲಿ? ಸೈಕಲ್ಲಿನ ಮುಂದಿನ ದಂಡಿಗೆಗೆ ಹಳೆಯ ಕಂಬಳಿ ಸುತ್ತಿ ಅವಳಿಗೊಂದು ಗದ್ದುಗೆ ಮಾಡಿದ್ದ. ಆಸ್ಪತ್ರೆಗೆ ಬಂದರೆ ಅವಳು ನನ್ನ ಸ್ಟೆಥಾಸ್ಕೋಪನ್ನು ಆಡಿನ ಹೊಟ್ಟೆಗಿಟ್ಟು, "ಒಳಗೆ ಯಾರೋ ರಾಗಿ ಬೀಸ್ತಾವ್ರೆ" ಅನ್ನುವಳು. ಬೆಕ್ಕನ್ನು ಹಿಡಿದು ತಂದು ಸೂಜಿ ಹಾಕಿ ಎಂದು ಹಟ ಮಾಡುವಳು.

ಓಬಯ್ಯ ಹುಲಿಗೆ ಹೆದರುವವನಲ್ಲ, ಮೇಲಿನ ಸಾಹೇಬರಿಗೆ ಮೊದಲೇ ಇಲ್ಲ. ದಡಾರ ಎಂದರೆ ಮಾತ್ರ ಅವನ ಮುಖದ ರಕ್ತ ಇಳಿದುಹೋಗುತ್ತಿತ್ತು. ಹಟ್ಟಿಯಲ್ಲಿ ಯಾರ ಮನೆಯ ಬಾಗಿಲಿಗೆ ದಡಾರದ ಗುರುತಾಗಿ ಬೇವಿನ ಸೊಪ್ಪು ಬಿದ್ದರೂ, ಅದೇ ದಿನ ತಾಯಿ ಮಗಳನ್ನು ತಾಳ್ಯದ ಅಜ್ಜಿಯ ಮನೆಗೆ ಸಾಗಹಾಕುತ್ತಿದ್ದ. ಎರಡು ಸಲ ಹಾಗೆ ಮಾಡಿದ, ಎರಡು ಸಲವೂ ಪುಟ್ಟಕ್ಕ ಪಾರಾದಳು. ದಡಾರವೆಂದರೆ ಅಮ್ಮ, ಅಮ್ಮ ಬಂದಾಗ ಊರು ಬಿಟ್ಟು ಹೋಗಬಾರದು ಎನ್ನುವುದು ಹಟ್ಟಿಯವರ ನಂಬಿಕೆ. "ಓಬಯ್ಯ ಅಮ್ಮಂಗೇ ಚಳ್ಳೆಹಣ್ಣು ತಿನ್ನಿಸ್ತಾನೆ" ಎಂದು ಆಡಿಕೊಂಡರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ದಡಾರಕ್ಕೆ ಲಸಿಕೆ ಪರದೇಶದಲ್ಲಿತ್ತು, ನಮ್ಮ ಹಳ್ಳಿಗಳ ಕಡೆ ಇನ್ನೂ ಮುಖ ಹಾಕಿರಲಿಲ್ಲ. ಓಡಿಹೋಗುವುದೊಂದೇ ಅವನಿಗೆ ಗೊತ್ತಿದ್ದ ಔಷಧಿ, ಮತ್ತು ಅದು ಸರಿಯಾದ ಔಷಧಿಯೇ ಆಗಿತ್ತು.

೧೯೭೭ರ ದೀಪಾವಳಿ ಕಳೆದ ಮೇಲೆ ನನ್ನ ಸಹಪಾಠಿ ಮೂರ್ತಪ್ಪ ಬೆಂಗಳೂರಿನಿಂದ ಕೆಲವು ಹಾಳೆ ಕಳಿಸಿದ. ವೈರಸ್ಸುಗಳನ್ನು ಮನೆತನ ಮನೆತನವಾಗಿ ವಿಂಗಡಿಸಿ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ ಒಂದಿದೆ, ಅದರ ಹೊಸ ವರದಿಯ ಸಾರಾಂಶ. ಆ ಮೂಲೆಯಲ್ಲಿ ಕೂತು ಬರೀ ಉಣ್ಣೆ ಹುಳ ಕೀಳುತ್ತಿದ್ದ ನನಗೆ ಹಬ್ಬವಾಯಿತು. ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆಯುತ್ತದೆ ಅನ್ನಿಸಿತು. ಹೇಳಲು ಇದ್ದವನು ಓಬಯ್ಯ ಒಬ್ಬನೇ. ಮಧ್ಯಾಹ್ನ ಬುತ್ತಿ ಉಂಡಾದ ಮೇಲೆ ಸೀಮೆಸುಣ್ಣ ತಗೊಂಡು ಔಷಧಿ ಕೋಣೆಯ ಬಾಗಿಲ ಮೇಲೆ ಬರೆಯಲು ಶುರು ಮಾಡಿದೆ.

"ನೋಡು ಓಬಯ್ಯ, ಈ ವೈರಸ್ಸುಗಳಿಗೂ ಬೆಡಗು ಅವೆ" ಅಂದೆ. ಅವನ ಮಾತಲ್ಲೇ ಹೇಳಿದರೆ ತಿಳಿದೀತು ಎಂಬ ಜಾಣತನ ನನ್ನದು. ಅವನು ಎದ್ದು ಹತ್ತಿರ ಬಂದ.

ಹೇಳುತ್ತಾ ಹೋದೆ. ರೋಗ ಹೇಗೆ ಕಾಣುತ್ತದೆ ಎಂದು ನೋಡಿ ವಿಜ್ಞಾನಿಗಳು ಕುಲ ಹೇಳುವುದಿಲ್ಲ. ಮೊದಲು ವೈರಸ್ಸಿನ ಹೊಟ್ಟೆಯೊಳಗಿನ ನೂಲು ಯಾವುದು ಎಂದು ನೋಡುತ್ತಾರೆ. ಡಿಎನ್‌ಎ ಅನ್ನುವುದು ಒಂದು ಬಗೆ, ಆರ್‌ಎನ್‌ಎ ಅನ್ನುವುದು ಇನ್ನೊಂದು. ಆರ್‌ಎನ್‌ಎ ಆದರೆ, ನೂಲು ಒಂದೇ ಎಳೆಯೋ ಜೋಡೆಳೆಯೋ, ಇಡಿಯಾಗಿದೆಯೋ ತುಂಡು ತುಂಡಾಗಿದೆಯೋ, ಹೊರಗೆ ಪೊರೆ ಇದೆಯೋ ಇಲ್ಲವೋ ನೋಡುತ್ತಾರೆ. ಆಮೇಲೆ ದೊಡ್ಡ ಸೂಕ್ಷ್ಮದರ್ಶಕದಲ್ಲಿ ಆಕಾರ. ಕೊನೆಗೆ ರಕ್ತದ ಪರೀಕ್ಷೆ: ಒಂದು ರೋಗದಿಂದ ಗುಣವಾದ ಪ್ರಾಣಿಯ ರಕ್ತದ ತಿಳಿ ಇನ್ನೊಂದು ರೋಗದ ವೈರಸ್ಸನ್ನು ಗುರುತು ಹಿಡಿದರೆ, ಅವೆರಡೂ ಹತ್ತಿರದವು.

"ದೇವಿ, ದಡಾರ, ಎರಡೂ ಅಕ್ಕತಂಗೀರು ಅಂತಾರಲ್ರಿ ನಮ್ಮವರು?" ಅಂದ ಓಬಯ್ಯ.

"ಸುಳ್ಳು. ದೇವಿ ಅಂದರೆ ಸಿಡುಬು, ಅದರ ನೂಲು ಡಿಎನ್‌ಎ, ದಡಾರದ್ದು ಆರ್‌ಎನ್‌ಎ. ಸಂಬಂಧವೇ ಇಲ್ಲ."

"ಕಾಲುಬಾಯಿ ರೋಗ?"

"ಅದೂ ಆರ್‌ಎನ್‌ಎ. ಆದರೆ ಬೇರೆ ಮನೆ. ಪೋಲಿಯೊ ಅದೇ ಮನೆಯದು."

ಬಾಗಿಲ ಮೇಲೆ ದೊಡ್ಡದೊಂದು ಮನೆ ಬರೆದು, ಎರಡು ಅಂಕಣ ಮಾಡಿದೆ. ಒಂದು ಅಂಕಣದಲ್ಲಿ ಮಕ್ಕಳ ಗದ್ದ ಊದಿಸುವ ಗದ್ದಕಟ್ಟು, ಕೋಳಿಗಳ ಕೊಕ್ಕರೆ ರೋಗ. ಇವೆರಡರ ಮೈಮೇಲೆ ಇರುವ ಒಂದು ಕಿಣ್ವ ಇನ್ನೊಂದು ಅಂಕಣದವುಗಳಿಗೆ ಇಲ್ಲ, ಅದಕ್ಕೇ ಸಮಿತಿ ಅವುಗಳನ್ನು ಬೇರೆ ಇಟ್ಟಿದೆ ಎಂದೆ. ಆ ಇನ್ನೊಂದು ಅಂಕಣದಲ್ಲಿ ಮೂರು ಹೆಸರು ಬರೆದೆ. ನಾಯಿಮರಿಗಳನ್ನು ಕೊಲ್ಲುವ ಡಿಸ್ಟೆಂಪರ್. ದನಗಳ ದೊಡ್ಡರೋಗ. ಮನುಷ್ಯರ ದಡಾರ.

ಓಬಯ್ಯ ಅಕ್ಷರ ಕೂಡಿಸಿಕೊಂಡು ಓದುವವನು. ಕೊನೆಯ ಹೆಸರಿನ ಮೇಲೆ ಬೆರಳಿಟ್ಟ. "ಇದು ನನ್ ಮಕ್ಕಳನ್ನ ಒಯ್ದದ್ದು" ಅಂದ. ಬೆರಳು ಮೇಲಿನ ಹೆಸರಿಗೆ ಸರಿಸಿದ. "ಇದು ನಮ್ಮಪ್ಪನ ಮಂದೆ ಒಯ್ದದ್ದು. ಎರಡೂ ಒಂದೇ ಬೆಡಗಾ ಡಾಕ್ಟ್ರೆ?"

"ಒಂದೇ ಬೆಡಗು" ಅಂದೆ.

ಅವನು ಬೆರಳು ತೆಗೆಯಲಿಲ್ಲ. ಸೀಮೆಸುಣ್ಣದ ಪುಡಿ ಬೆರಳಿಗೆ ಮೆತ್ತಿಕೊಂಡಿತ್ತು. ಆಮೇಲೆ ಕೇಳಿದ: "ಹಂಗಾರೆ ಒಂದರ ಔಷಧಿ ಇನ್ನೊಂದಕ್ಕೂ ನಡೀತದೇನ್ರಿ?"

ಒಬ್ಬ ಮನುಷ್ಯ ಇಂಥ ಪ್ರಶ್ನೆ ಕೇಳಿದರೆ, ಯಾಕಪ್ಪಾ ಕೇಳುತ್ತೀ ಎಂದು ತಿರುಗಿ ಕೇಳಬೇಕು. ಇಬ್ಬರು ಮಕ್ಕಳನ್ನು ಮಣ್ಣು ಮಾಡಿದವನು ಕೇಳಿದರಂತೂ ಕೇಳಲೇಬೇಕು. ನಾನು ಕೇಳಲಿಲ್ಲ. ಶಿಷ್ಯ ಒಳ್ಳೆಯ ಪ್ರಶ್ನೆ ಕೇಳಿದ ಎಂದು ಉಬ್ಬಿಹೋದೆ. "ನಡೀತದೆ ಕಣಯ್ಯ! ಪರದೇಶದಲ್ಲಿ ನಾಯಿಮರಿಗಳಿಗೆ ಮನುಷ್ಯರ ದಡಾರದ ಲಸಿಕೆ ಹಾಕಿದ್ದಾರೆ. ಅವು ಡಿಸ್ಟೆಂಪರಿಂದ ಉಳಕೊಂಡಿವೆ" ಎಂದೆ. ಅದು ನಿಜವೇ. ಆದರೆ ಅದು ಆ ಲಸಿಕೆ, ಆ ನಾಯಿಗಳ ಮಾತು. ಅದಕ್ಕಾಗಿ ಎಷ್ಟೋ ಜನ ಎಷ್ಟೋ ವರ್ಷ ಪರೀಕ್ಷೆ ಮಾಡಿ ನೋಡಿದ್ದರು. ಉಳಿದ ಯಾವುದಕ್ಕೂ ಅದನ್ನು ಎಳೆಯಲಾಗದು ಎನ್ನುವ ಒಂದು ವಾಕ್ಯ ಸೇರಿಸಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಆಡದೆ ಬಿಟ್ಟ ಮಾತೂ ಅದೇ ಲೆಕ್ಕ.

ಓಬಯ್ಯನ ಯೋಚನೆ ಮೂರ್ಖತನದ್ದೆಂದು ಯಾರಾದರೂ ನಕ್ಕರೆ ನಾನು ಸಹಿಸುವುದಿಲ್ಲ. ಅವನ ತೋಳಿನ ಮೇಲೆ ದೇವಿ ಹಾಕಿಸಿಕೊಂಡ ಕಲೆ ಇತ್ತು. ಆ ಔಷಧಿ ಕರುಗಳ ಮೈಯಲ್ಲಿ ಬೆಳೆಸಿದ್ದು ಎಂದು ಅವನಿಗೆ ಗೊತ್ತಿತ್ತು. ದೇವಿ ದೇಶ ಬಿಟ್ಟು ಹೋಗಿ ಆಗಲೇ ಎರಡು ವರ್ಷವಾಗಿತ್ತು. ಕರುವಿನ ಔಷಧಿ ಮನುಷ್ಯನನ್ನು ಕಾಯುವುದಾದರೆ, ಒಂದೇ ಬೆಡಗಿನ ರೋಗದ ಔಷಧಿ ಯಾಕೆ ಕಾಯಬಾರದು? ದೊಡ್ಡರೋಗಕ್ಕೆ ಹಾಕಿದ ಗೆರೆಯನ್ನು ಅದರ ಅಣ್ಣತಮ್ಮ ದಾಟುವಂತಿಲ್ಲ. ಅವನು ಹುಟ್ಟಿ ಬೆಳೆದ ನ್ಯಾಯ ಅದು. ಅದಕ್ಕೆ ಡಾಕ್ಟರ ಬಾಯಿಂದ ರುಜುವೂ ಸಿಕ್ಕಿತ್ತು.

೧೯೭೮ರ ಶಿವರಾತ್ರಿ ಆದ ಹದಿನೈದು ದಿನಕ್ಕೆ ಓಬಯ್ಯನ ಪಕ್ಕದ ಮನೆ ಚಿಕ್ಕತಿಮ್ಮಪ್ಪನ ಮಗನಿಗೆ ದಡಾರ ಎದ್ದಿತು. ಬಾಗಿಲಿಗೆ ಬೇವು ಬಿತ್ತು, ಒಗ್ಗರಣೆ ಸದ್ದು ನಿಂತಿತು. ಹುಲಿಗೆಮ್ಮ ಮಾಮೂಲಿನ ಹಾಗೆ ಸೀರೆ ಗಂಟು ಕಟ್ಟಿ, ಪುಟ್ಟಕ್ಕನ ತಲೆ ಬಾಚಿ, ಬಸ್ಸಿಗೆ ಹೊರಟು ನಿಂತಳಂತೆ. ಓಬಯ್ಯ ಗಂಟು ಇಳಿಸಿ ಒಳಗಿಟ್ಟ. "ಈ ಸಲ ಬ್ಯಾಡ. ಎಲ್ಲಿಗೂ ಹೋಗಬ್ಯಾಡ" ಅಂದ.

ಇದು ನನಗೂ ಗೊತ್ತಾಯಿತು. "ಏನಯ್ಯಾ, ತಾಳ್ಯಕ್ಕೆ ಕಳಿಸಲಿಲ್ಲವೇ?" ಎಂದು ಆಸ್ಪತ್ರೆಯಲ್ಲಿ ಕೇಳಿದೆ. "ಎಷ್ಟು ಸಲ ಅಂತ ಓಡೋದು ಡಾಕ್ಟ್ರೆ" ಎಂದು ನಕ್ಕ. ನಾಲ್ಕು ವರ್ಷದಲ್ಲಿ ಅವನು ಅಷ್ಟು ಹಗುರವಾಗಿ ನಕ್ಕದ್ದನ್ನು ನಾನು ನೋಡಿರಲಿಲ್ಲ. ಧೈರ್ಯ ಬಂದಿದೆ, ಒಳ್ಳೆಯದೇ ಆಯಿತು ಅಂದುಕೊಂಡೆ. ಅವತ್ತು ಸಂಜೆ ಪುಟ್ಟಕ್ಕ ಚಿಕ್ಕತಿಮ್ಮಪ್ಪನ ಮನೆಯ ಜಗಲಿಯ ಮೇಲೆ ಕಲ್ಲಾಟ ಆಡುತ್ತಿದ್ದಳು.

ಹನ್ನೆರಡನೆಯ ದಿನ ಅವಳಿಗೆ ಜ್ವರ ಬಂತು. ಕಣ್ಣು ಕೆಂಪಗಾಗಿ ನೀರು ಸುರಿಯಿತು. ಎರಡು ದಿನ ಓಬಯ್ಯ ಅದನ್ನು ನೆಗಡಿ ಎಂದ. ಕಿವಿಯ ಹಿಂದೆ ಕೆಂಪು ಗುಳ್ಳೆ ಎದ್ದ ದಿನ ಅವನು ಕೆಲಸಕ್ಕೆ ಬರಲಿಲ್ಲ. ನಾನು ಹಟ್ಟಿಗೆ ಹೋದೆ. ಪುಟ್ಟಕ್ಕ ಬೇವಿನ ಸೊಪ್ಪಿನ ಮೇಲೆ ಮಲಗಿದ್ದಳು. ತುಟಿ ಒಣಗಿತ್ತು, ಮೈತುಂಬ ಗುಳ್ಳೆ. ನನ್ನನ್ನು ನೋಡಿ, "ಕೊಳವೆ ತಂದ್ರಾ?" ಎಂದಳು. ನಾನು ಸ್ಟೆಥಾಸ್ಕೋಪು ತಂದಿರಲಿಲ್ಲ. ನಾಳೆ ತರುತ್ತೇನೆ ಎಂದೆ.

ಮಾರನೆಯ ದಿನ ಕೊಳವೆ ಇಟ್ಟು ಕೇಳಿದಾಗ ಅವಳ ಎದೆಯೊಳಗೆ ಬಿಸಿ ಬೂದಿಯ ಮೇಲೆ ನೀರು ಚಿಮುಕಿಸಿದಂಥ ಸದ್ದು. ನಾನು ದನದ ಡಾಕ್ಟರು, ಆದರೂ ಆ ಸದ್ದು ಏನೆಂದು ನನಗೆ ಗೊತ್ತು. ಅಮ್ಮ ಇಳಿಯುವ ತನಕ ಹೊಸಿಲು ದಾಟಿಸಬಾರದು ಎಂದು ಅಕ್ಕಪಕ್ಕದವರು ಅಡ್ಡ ಬಂದರು. ಓಬಯ್ಯ ಯಾರ ಮಾತೂ ಕೇಳಲಿಲ್ಲ. ಕೂಸನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡ. ನಾನು, ಅವನು, ಹುಲಿಗೆಮ್ಮ ಲಾರಿಯೊಂದನ್ನು ಹತ್ತಿ ಹಿರಿಯೂರಿಗೆ ಹೋದೆವು. ಅಲ್ಲಿನ ಡಾಕ್ಟರು ನ್ಯುಮೋನಿಯಾ ಎಂದರು, ಮೂರು ದಿನ ತಮ್ಮ ಕೈಲಾದದ್ದೆಲ್ಲ ಮಾಡಿದರು.

ಎರಡನೆಯ ದಿನ ಆಸ್ಪತ್ರೆಯ ಪಡಸಾಲೆಯಲ್ಲಿ ಓಬಯ್ಯ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದ. ಹುಲಿಗೆಮ್ಮ ನೀರು ತರಲು ಹೋಗಿದ್ದಳು. ಮಗಳ ಅಂಗಿಯ ತೋಳನ್ನು ಮೇಲಕ್ಕೆ ಸರಿಸಿದ. ಗುಳ್ಳೆಗಳ ನಡುವೆ, ಭುಜದ ಕೆಳಗೆ, ಹುಣಸೆಬೀಜದಷ್ಟು ಗಟ್ಟಿಯಾದ ಒಂದು ಗಂಟು ಇತ್ತು.

"ಸಂಕ್ರಾಂತಿ ಆದ ಮ್ಯಾಲೆ ಹಾಕ್ದೆ" ಅಂದ. "ನಮ್ದೇ ದೊಡ್ಡರೋಗದ ಸೂಜಿ. ದನಕ್ಕೆ ಹಾಕಾದ್ರಲ್ಲಿ ಕಾಲು ಭಾಗ."

ನಾನು ಅಂಗಿಯ ತೋಳನ್ನು ಕೆಳಕ್ಕೆಳೆದು ಆ ಗಂಟನ್ನು ಮುಚ್ಚಿದೆ.

"ಒಂದೇ ಬೆಡಗು ಅಂದಿದ್ರಿ. ತಪ್ಪು ಎಲ್ಲಿ ಆತು ಡಾಕ್ಟ್ರೆ?"

ಆಗ ಹೇಳಿದೆ, ಅವತ್ತೇ ಹೇಳಬೇಕಾಗಿದ್ದದ್ದನ್ನೆಲ್ಲ. ಆ ಲಸಿಕೆಯನ್ನು ಆಡಿನ ಮೈಯಲ್ಲಿ ಪಳಗಿಸಿ ದನಗಳಿಗೆಂದು ಮಾಡಿದ್ದು, ಮನುಷ್ಯರ ಮೈಯಲ್ಲಿ ಅದು ನಿಂತು ಕೆಲಸ ಮಾಡುತ್ತದೆ ಎಂದು ಯಾರೂ ಪರೀಕ್ಷಿಸಿ ನೋಡಿಲ್ಲ, ಹಾಗೆ ಹಾಕುವುದೇ ಅಪಾಯ ಎಂದೆ. ವಿಜ್ಞಾನಿಗಳು ಒಂದು ಮನೆತನ ಅಂದರೆ ಮೈಕಟ್ಟು ಒಂದೇ ಥರ ಎಂದಷ್ಟೇ ಅರ್ಥ, ಒಂದರ ಕಾವಲು ಇನ್ನೊಂದಕ್ಕೂ ಆದೀತು ಎಂದಲ್ಲ ಎಂದೆ. ಅವನು ಗಮನವಿಟ್ಟು ಕೇಳಿದ, ಔಷಧಿ ಕೋಣೆಯ ಬಾಗಿಲ ಮುಂದೆ ಕೇಳಿದ ಹಾಗೇ. "ಸೂಜಿಯಿಂದಲೇ ಹಿಂಗಾತಾ?" ಎಂದು ಕೇಳಿದ. ಇಲ್ಲ, ಇದು ಚಿಕ್ಕತಿಮ್ಮಪ್ಪನ ಮನೆಯಿಂದ ಬಂದ ದಡಾರವೇ ಎಂದೆ. "ಹಂಗಾರೆ ತಾಳ್ಯಕ್ಕೆ ಹೋಗಿದ್ರೆ..." ಎಂದು ಅಷ್ಟಕ್ಕೇ ನಿಲ್ಲಿಸಿದ.

ಮೂರನೆಯ ದಿನ ಬೆಳಗ್ಗೆ ಪುಟ್ಟಕ್ಕ ಹೋದಳು. ಅವಳಿಗೆ ಆರು ವರ್ಷ ತುಂಬಿರಲಿಲ್ಲ.

ಪುಟ್ಟಕ್ಕನ ಮಣ್ಣಿಗೆ ಹಾಲುತುಪ್ಪ ಬಿಟ್ಟ ದಿನ ನಾನು ಹಟ್ಟಿಗೆ ಹೋದೆ. ಬಂದವರೆಲ್ಲ ಎದ್ದು ಹೋಗಿದ್ದರು. ಹುಲಿಗೆಮ್ಮ ನನಗೆ ಚೊಂಬಿನಲ್ಲಿ ನೀರು ಕೊಟ್ಟು, ಕಂಬಕ್ಕೊರಗಿ ಕೂತಳು. ಓಬಯ್ಯ ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ. ಅವಳು ಅವನನ್ನು ಬಿಟ್ಟು ನನ್ನನ್ನು ಕೇಳಿದಳು.

"ನೀವು ಓದಿದೋರು, ನೀವೇ ಹೇಳ್ರಿ. ಗಂಟು ಕಟ್ಟಿ ನಿಂತಿದ್ದೆ. ಈ ಮನುಷ್ಯ ಯಾಕೆ ಹೋಗಬ್ಯಾಡ ಅಂದ? ಎರಡು ಸಲ ತಾನೇ ಕಳಿಸ್ದೋನು."

ಓಬಯ್ಯ ತಲೆ ಎತ್ತಲಿಲ್ಲ. ನಾನು, "ರೋಗ ಆಗಲೇ ಮೈಯೊಳಗೆ ಇತ್ತಮ್ಮಾ. ತಾಳ್ಯಕ್ಕೆ ಹೋಗಿದ್ದರೂ ಜೊತೆಗೇ ಬರುತ್ತಿತ್ತು" ಎಂದೆ. ಇರಬಹುದಾಗಿದ್ದ ಮಾತು. ಆದರೆ ನಿಜವೆಂದು ನನಗೆ ಗೊತ್ತಿರಲಿಲ್ಲ.

"ಸುಳ್ಳು ಹೇಳಬ್ಯಾಡ್ರಿ ಡಾಕ್ಟ್ರೆ" ಅಂದ ಓಬಯ್ಯ. ಆಮೇಲೆ ಹೆಂಡತಿಯ ಕಡೆ ತಿರುಗಿ, ಏನೇನು ಮಾಡಿದೆ ಎನ್ನುವುದನ್ನು ಮೊದಲಿನಿಂದ ಹೇಳಿದ. ಥರ್ಮಾಸಿನಿಂದ ಸೀಸೆ ತೆಗೆದದ್ದು, ಮಗಳನ್ನು ಕೊಟ್ಟಿಗೆಯ ಹಿಂದೆ ಕರೆದುಕೊಂಡು ಹೋದದ್ದು, ಇನ್ನು ದಡಾರ ಅವಳನ್ನು ಮುಟ್ಟುವುದಿಲ್ಲ ಎಂದು ನಂಬಿ ಕೂತದ್ದು. ಒಂದನ್ನೂ ಬಿಡಲಿಲ್ಲ.

ಹುಲಿಗೆಮ್ಮ ಕೂಗಾಡುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ನಾನು ಕಾದೆ. ಅವಳು ಸೆರಗಿನ ಅಂಚನ್ನು ಮಡಿಸುತ್ತ ಬಿಚ್ಚುತ್ತ ಕೂತಿದ್ದಳು.

"ಚುಚ್ಚಿದಾಗ ಅತ್ತಳಾ?" ಎಂದು ಕೇಳಿದಳು.

"ಇಲ್ಲ."

"ನನ್ ತಾವ ಒಂದ್ ಮಾತೂ ಆಡಲಿಲ್ಲ."

"ಅವ್ವಂಗೆ ಹೇಳಬ್ಯಾಡ ಅಂದಿದ್ದೆ. ಅದಕ್ಕೇ ಹೇಳಲಿಲ್ಲ."

ಆಗ ಅವಳು ಅತ್ತಳು. ಅವನೂ ಅತ್ತ. ಎಷ್ಟೋ ಹೊತ್ತಿನ ಮೇಲೆ ಅವಳು ಮುಖ ಒರೆಸಿಕೊಂಡು, "ಇದನ್ನ ಯಾರು ಹೇಳಿಕೊಟ್ರು ನಿನಗೆ? ಆ ಔಷಧಿ ಇದಕ್ಕೂ ಆಗ್ತದೆ ಅಂತ ಯಾರು ಅಂದ್ರು?" ಎಂದಳು.

ಓಬಯ್ಯ ನನ್ನ ಕಡೆ ನೋಡಲಿಲ್ಲ. "ಯಾರೂ ಇಲ್ಲ. ನಾನೇ ಅಂದ್ಕಂಡೆ" ಎಂದ.

ಅವಳು ನನ್ನನ್ನು ನೋಡಿದಳು. ನಾನು ನೀರು ಕುಡಿದು ಚೊಂಬನ್ನು ಕೆಳಗಿಟ್ಟೆ, ಬರುತ್ತೇನೆ ಎಂದು ಹೇಳಿ ಎದ್ದು ಬಂದೆ.